ಜೂಲಿಲ್ಲದ ಕುದುರೆ

ಲಾಂಪ್ರಿಯ ತನ್ನ ಕುದುರೆಯ ಕುತ್ತಿಗೆಯ ಜೂಲಿಗೆ ಕತ್ತರಿ ಹಾಕಿದ್ದನ್ನು ಕಂಡು ಅವನ ಆಳು ಸಾಮಿಖ ತಿನ್ನುತ್ತಿದ್ದ ಜವೆಗೋಧಿ ರೊಟ್ಟಿ ಕೈಯಲ್ಲಿ ಹಿಡಿದೇ ಓಡಿಬಂದ.

"ಅಯ್ಯೋ ಧಣಿ, ಅದನ್ನ ಬೋಳಿಸಿಬಿಟ್ರೆ ನಾಳೆ ನಾನು ಏನ್ ಹಿಡ್ಕೊಂಡು ಓಡ್ಲಿ? ನಿಮ್ ಗಡ್ಡಾನಾ?"

ಬೇರೆ ದಿನವಾಗಿದ್ದರೆ ಲಾಂಪ್ರಿಯ ನಕ್ಕುಬಿಡುತ್ತಿದ್ದ. ಆದರೆ ಅಣ್ಣ ಗೋರ್ಗಿದನ ಚಿತೆ ಇನ್ನೂ ಹೊಗೆಯಾಡುತ್ತಿತ್ತು. ಥೀಬ್ಸ್ ಸೀಮೆಯ ಸವಾರರ ಮನೆಯಲ್ಲಿ ಸಾವಾದರೆ ತಮ್ಮ ತಲೆಗೂದಲಿನ ಜೊತೆ ಕುದುರೆಯ ಜೂಲೂ ಹೋಗಬೇಕು. ಅದು ಸತ್ತವನಿಗೆ ಸಲ್ಲಬೇಕಾದ ಮರ್ಯಾದೆ.

"ಹೆಗಲ ಹತ್ರ ಒಂದ್ ಹಿಡಿ ಬಿಡಿ ಸಾಕು. ನಿಮ್ಮಣ್ಣೋರೇ ಇದ್ದಿದ್ರೆ ಬಿಡು ಅಂತಿದ್ರು."

"ಅಣ್ಣ ಸತ್ರೆ ಅರ್ಧ ದುಃಖ ಪಟ್ಟ ಅಂತ ದಂಡೆಲ್ಲ ಆಡ್ಕೊಳ್ಳುತ್ತೆ ಕಣೋ. ಬಾಲ ಇದೆಯಲ್ಲ, ಹಿಡ್ಕೋ."

"ಬಾಲ ಹಿಡಿದ್ರೆ ಇರೋ ನಾಲ್ಕು ಹಲ್ಲೂ ಹೋಗುತ್ತೆ ಧಣಿ," ಎಂದು ಗೊಣಗಿ ಸಾಮಿಖ ರೊಟ್ಟಿ ಕಚ್ಚುತ್ತ ಹೊರಟುಹೋದ. ಲಾಂಪ್ರಿಯ ಕತ್ತರಿ ನಿಲ್ಲಿಸಲಿಲ್ಲ.

ಅವರಿಬ್ಬರದು ಒಂದೇ ಕುದುರೆಯ ಯುದ್ಧ. ಮೇಲೆ ಕೂತ ಲಾಂಪ್ರಿಯ ಭರ್ಜಿ ಎಸೆಯುವವನು. ಪಕ್ಕದಲ್ಲಿ ಬರಿಗಾಲಲ್ಲಿ ಓಡುವ ಸಾಮಿಖ, ಎದುರಾಳಿಯ ಕುದುರೆ ಹತ್ತಿರ ಬಂತೋ, ಅದರ ಹೊಟ್ಟೆಯಡಿ ನುಗ್ಗಿ ಚೂರಿ ಹಾಕುವವನು. ಕುದುರೆ ನಾಗಾಲೋಟಕ್ಕೆ ಬಿದ್ದಾಗ ಜೂಲು ಹಿಡಿದು, ನೆಲ ಮುಟ್ಟಿಯೂ ಮುಟ್ಟದಂತೆ ನೆಗೆಯುತ್ತ ಜೊತೆಗೇ ಬರುತ್ತಿದ್ದ. ಗೆದ್ದ ಹೆಸರು ಸವಾರನಿಗೆ ಬರುತ್ತಿತ್ತು. ಆ ಸವಾರ ಜೀವಸಹಿತ ಮನೆಗೆ ಬರುತ್ತಿದ್ದದ್ದು ಯಾರಿಂದ ಎಂಬುದು ಲಾಂಪ್ರಿಯನಿಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ಶತ್ರುವಿನ ಈಟಿಗಳ ಸಾಲು ಗೋಡೆಯಂತೆ ಮುಂದೊತ್ತಿ ಬಂತು. ಹಿಂದಿರುಗಿ ಎಂದು ಕಹಳೆ ಕೂಗಿತು. ಲಾಂಪ್ರಿಯ ಕುದುರೆ ತಿರುಗಿಸಿದ. ಸಾಮಿಖನ ಕೈ ಕುದುರೆಯ ಕುತ್ತಿಗೆಯ ಮೇಲೆ ಬಿತ್ತು, ಬೆವರಿಗೆ ಜಾರಿತು. ಇನ್ನೊಮ್ಮೆ ಬಿತ್ತು, ಇನ್ನೊಮ್ಮೆ ಜಾರಿತು. ಕೊನೆಗೆ ಅವನು ಲಾಂಪ್ರಿಯನ ಪಾದವನ್ನೇ ಹಿಡಿದ. ಕುದುರೆಯ ಬೆನ್ನ ಮೇಲೊಂದು ಬಟ್ಟೆ, ತೊಡೆಯ ಬಿಗಿ, ಸವಾರನಿಗಿದ್ದ ಆಧಾರ ಅಷ್ಟೇ. ಲಾಂಪ್ರಿಯ ಒಂದು ಕಡೆಗೆ ವಾಲಿದ.

"ಬಿಡೋ! ಬೀಳ್ತೀನಿ, ಬಿಡೋ!"

ಸಾಮಿಖ ಬಿಟ್ಟುಬಿಟ್ಟ.

ಶತ್ರುಗಳು ಸಾಮಿಖನದೂ ಸೇರಿ ಹೆಣಗಳನ್ನು ಒಪ್ಪಿಸಿದ ಮೇಲೆ ಅವನ ತಾಯಿ ಒನಸಿಮ ಲಾಯಕ್ಕೆ ಬಂದಳು. ನೇರವಾಗಿ ಕುದುರೆಯ ಬಳಿ ಹೋಗಿ ನಿಂತಳು. ಲಾಂಪ್ರಿಯನಿಗೆ ಅದೇ ಕಷ್ಟವಾಯಿತು.

"ಅಮ್ಮಾ, ಅಣ್ಣನಿಗೆ ಮಾಡ್ದಂಗೇ ನಿಮ್ ಮಗನಿಗೂ ಜೂಲು ತೆಗೀತೀನಿ," ಎಂದ ತಲೆ ತಗ್ಗಿಸಿ. "ಈಗ ತೆಗೆಯೋಕೆ ಏನೂ ಇಲ್ಲ. ಬೆಳೀಲಿ."

ಮುದುಕಿ ಕುದುರೆಯ ಕುತ್ತಿಗೆ ಸವರಿದಳು. ಮೋಟುಗೂದಲು ಅಂಗೈಗೆ ಚುಚ್ಚಿತು.

"ಬೆಳೆದ ಮೇಲೆ ಹಾಗೇ ಬಿಟ್ಟುಬಿಡಿ ಧಣಿ," ಎಂದಳು. "ಇನ್ಯಾವ ತಾಯಿ ಮಗನೋ ಓಡ್ಬೇಕಲ್ಲ."