ಬೆಟ್ಟದ ಆಚೆ ಮಗ್ಗುಲು

"ಅಮ್ಮಿಣಿ, ನಿನ್ನ ಸೂರ್ಯ ಯಾಕೆ ಈ ಕಡೆ ಬಂದು ಕೂತವ್ನೆ?"

ಅಪ್ಪ ದಂಡಪಾಣಿ ಮಗಳನ್ನು ಮುದ್ದಿನಿಂದ ಕರೆದು ನಗುತ್ತಲೇ ಕೇಳಿದರು. ಗೋಕಿಲಾಳ ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತು. ಗೋಡೆಗೆ ತೂಗುಹಾಕಿದ್ದ ಚಿತ್ರದ ಕೌದಿಯ ಪಕ್ಕದಲ್ಲಿ ಅಪ್ಪ ಫೋಟೊ ಹಿಡಿದು ನಿಂತಿದ್ದರು. ತೊಂಡಾಮುತ್ತೂರಿಗೆ ಹೋದಾಗ ಬಸ್ಸಿನ ಕಿಟಕಿಯಿಂದ ಅವಳೇ ತೆಗೆದ ಫೋಟೊ: ಬಾಳೆತೋಟ, ಅದರ ಹಿಂದೆ ಬೆಟ್ಟ, ಬೆಟ್ಟದ ಹಿಂದಕ್ಕೆ ಇಳಿಯುತ್ತಿರುವ ಸೂರ್ಯ. ಅದರಲ್ಲಿ ಎತ್ತರದ ಶಿಖರ ಎಡಕ್ಕಿತ್ತು, ಸೂರ್ಯ ಬಲಕ್ಕೆ. ಕೌದಿಯಲ್ಲಿ ಶಿಖರ ಬಲಕ್ಕೆ, ಸೂರ್ಯ ಎಡಕ್ಕೆ. ತಿರುಪ್ಪೂರಿನ ಬನಿಯನ್ ಗಿರಣಿಗಳ ಬಣ್ಣಬಣ್ಣದ ತುಂಡುಗಳ ರಾಶಿಯಲ್ಲಿ ಆ ಸಂಜೆಯ ಒಂದೊಂದು ಬಣ್ಣವನ್ನೂ ಹುಡುಕಿ ಹುಡುಕಿ ಹೋಲಿಸಿ ನೋಡಿದ್ದಳು. ಎಡಬಲ ನೋಡಿರಲಿಲ್ಲ.

"ಗೊತ್ತಾಯ್ತು ಬಿಡು! ಮಗ್ಗಕ್ಕೆ ಬರೆಯೋ ಹಂಗೆ ತಿರುಗಿಸಿ ಬರೆದುಬಿಟ್ಟಿದೀಯ," ಎಂದರು ಅಪ್ಪ. ಅವರ ಮಗ್ಗದಲ್ಲಿ ಸೀರೆಯ ಚಂದದ ಮುಖ ಯಾವಾಗಲೂ ಕೆಳಕ್ಕೆ. ನೇಯುವವರಿಗೆ ಕಾಣುವುದು ಹಿಂಬದಿ ಮಾತ್ರ. ಹಾಗಾಗಿ ಆ ಮನೆಯಲ್ಲಿ ನವಿಲನ್ನಾಗಲಿ ಮಾವಿನಕಾಯಿಯನ್ನಾಗಲಿ ತಿರುಗಿಸಿಯೇ ಬರೆಯುವುದು. ಕೌದಿಗೆ ಅದು ಬೇಕಿರಲಿಲ್ಲ. ಕೈಗೆ ಅದು ತಿಳಿದಿರಲಿಲ್ಲ.

ಹೊರಗೆ ಆಟೊ ಹಾರ್ನ್ ಹೊಡೆಯಿತು. ಇವತ್ತು ಸಂಜೆಯೊಳಗೆ ಸೂಲೂರಿನಿಂದ ಕೊಯಮತ್ತೂರಿನ ಪ್ರದರ್ಶನಕ್ಕೆ ಕೌದಿ ತಲುಪಬೇಕು. ಪಕ್ಕದಲ್ಲೇ ಮೂಲ ಫೋಟೊ ಅಂಟಿಸಬೇಕೆಂದು ಪ್ರದರ್ಶನದವರ ನಿಯಮ. ಗೋಕಿಲಾಳ ಕೈಕೆಲಸ ಮನೆಯ ಬಾಗಿಲು ದಾಟುತ್ತಿದ್ದುದು ಇದೇ ಮೊದಲು. ಸಂಭ್ರಮಕ್ಕೆ ಬೆಳಗಿನಿಂದ ಅವಳಿಗೆ ಊಟವೇ ಸೇರಿರಲಿಲ್ಲ.

"ಆಟೊ ವಾಪಸ್ ಕಳಿಸಿಬಿಡಿ ಅಪ್ಪ. ಎಲ್ಲರೂ ಎರಡನ್ನೂ ನೋಡಿ ನಗ್ತಾರೆ," ಎಂದು ಅವಳು ಕೌದಿಯನ್ನು ಇಳಿಸಲು ಕೈಯೆತ್ತಿದಳು.

"ಏಯ್, ಇರು!" ಮಧ್ಯಾಹ್ನದ ನಿದ್ದೆಯಿಂದೆದ್ದು ಬಂದ ಅಜ್ಜಿ ಬೆಳ್ಳಿಯಮ್ಮ ಬಾಗಿಲಲ್ಲೇ ನಿಂತಿದ್ದರು. ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಹಾಕಿಕೊಂಡು ಹತ್ತಿರ ಬಂದರು. ಎಷ್ಟು ಹತ್ತಿರ ಎಂದರೆ, ಮೂಗು ಬಾಳೆತೋಟಕ್ಕೆ ತಾಗುವಷ್ಟು. "ನೀ ಯಾವಾಗ ಹೋಗಿದ್ದೆ ನಮ್ಮೂರಿಗೆ?"

"ನಿಮ್ಮೂರಲ್ಲ ಅಜ್ಜಿ, ತೊಂಡಾಮುತ್ತೂರು. ತಪ್ಪಾಗಿಬಿಟ್ಟಿದೆ. ಬೆಟ್ಟ ಉಲ್ಟಾ ಆಗಿದೆ."

"ಯಾರು ಹೇಳಿದ್ದು ಉಲ್ಟಾ ಅಂತ? ನಮ್ಮಮ್ಮನ ಮನೆ ಜಗಲಿ ಮೇಲೆ ಕೂತ್ರೆ ಹಿಂಗೇ ಕಾಣೋದು."

ಬೆಳ್ಳಿಯಮ್ಮ ಹುಟ್ಟಿದ್ದು ಅದೇ ಬೆಟ್ಟದ ಆಚೆ, ಕೇರಳದ ಮಗ್ಗುಲಲ್ಲಿ. ಮದುವೆಯಾಗಿ ಈಚೆಗೆ ಬಂದವರು. ತಾಯಿ ತೀರಿಹೋದ ಮೇಲೆ ಅತ್ತ ತಿರುಗಿಯೂ ನೋಡಿರಲಿಲ್ಲ.

"ಅಮ್ಮ, ನಿಮ್ಮ ಕಡೆ ಸೂರ್ಯ ಈ ಬೆಟ್ಟದ ಹಿಂದೆ ಎಲ್ಲಿ ಮುಳುಗ್ತಾನೆ?" ಎಂದರು ಅಪ್ಪ ಕೆಣಕುವ ದನಿಯಲ್ಲಿ.

"ಮುಳುಗೋದು ಯಾಕೋ? ಹುಟ್ತಾವ್ನೆ! ಹಾಲು ಕರೆಯೋ ಹೊತ್ತು ಇದು."

ಗೋಕಿಲಾ ತಿರುಗಿ ನೋಡಿದಳು. ಅದೇ ಕಿತ್ತಳೆ, ಅದೇ ನೇರಳೆ, ಅವಳೇ ಹೊಲಿದ ಅದೇ ತುಂಡುಗಳು. ಒಂದೂ ಕದಲಿರಲಿಲ್ಲ. ಆದರೂ ಅವಳ ಕಣ್ಣೆದುರಿಗೇ ಸಂಜೆ ಹೋಗಿ ಬೆಳಗಾಗುತ್ತಿತ್ತು.

"ಕೌದಿ ಸರಿಯಾಗೇ ಇದೆ, ನನ್ನ ಕಣ್ಣೇ," ಎಂದರು ಅಜ್ಜಿ. "ಫೋಟೊನೇ ತಪ್ಪು ಕಡೆಯಿಂದ ತೆಗೆದಿದೀಯ."

"ಹಂಗಾದ್ರೆ ಪಕ್ಕದಲ್ಲಿ ಫೋಟೊ ಅಂಟಿಸಲಾ?"

"ಅಂಟಿಸು. ಅದು ಸಾಯಂಕಾಲ, ಇದು ಬೆಳಿಗ್ಗೆ. ಕೇಳಿದೋರಿಗೆ ನಾ ಹೇಳ್ತೀನಿ. ನೀನಂತೂ ಬಾಯಿ ಬಿಡೋಳಲ್ಲ." ಅಜ್ಜಿ ಆಗಲೇ ಚಪ್ಪಲಿ ಮೆಟ್ಟಿದ್ದರು. "ದಂಡಪಾಣಿ, ನೀ ಮುಂದೆ ಡ್ರೈವರ್ ಪಕ್ಕ ಕೂರು. ಹಿಂದೆ ನಾವಿಬ್ರೂ ಬೆಟ್ಟಾನೂ!"

ಆಟೊ ಮುಖ್ಯರಸ್ತೆಗೆ ಬರುವಷ್ಟರಲ್ಲಿ ಅಜ್ಜಿ ತೊಡೆಯ ಮೇಲಿದ್ದ ಕೌದಿಯನ್ನು ಅರ್ಧ ಬಿಚ್ಚಿ, ಬೆಟ್ಟದ ಬುಡದಲ್ಲಿ ಬೆರಳಿಟ್ಟರು.

"ಒಂದು ತಪ್ಪು ಮಾತ್ರ ಇದೆ, ಅಮ್ಮಿಣಿ. ನಮ್ಮನೆ ಎಲ್ಲಿ?"

ಗೋಕಿಲಾ ಚೀಲ ತಡಕಿದಳು. ಉಗುರಿನಷ್ಟು ಅಗಲದ ಕೆಂಪು ಬನಿಯನ್ ತುಂಡು ಸಿಕ್ಕಿತು. ಅಜ್ಜಿ ಬೆರಳು ತೆಗೆದ ಕಡೆಯೇ ಅದನ್ನು ಹೆಂಚಿನ ಮಾಡಿನಂತಿಟ್ಟು, ಓಡುವ ಆಟೊದಲ್ಲೇ ಹೊಲಿದಳು.

"ಒಲೆ ಹಚ್ಚಿರ್ತಾಳೆ ನಮ್ಮಮ್ಮ. ಹೊಗೆ ಹಾಕು."

ಬೂದು ದಾರ ಪೋಣಿಸಿ ಮಾಡಿನ ಮೇಲಿಂದ ನೇರವಾಗಿ ಹೊಲಿಯಲು ನೋಡಿದಳು. ಆಟೊ ಗುಂಡಿಗಿಳಿದಾಗಲೆಲ್ಲ ಸೂಜಿ ಅತ್ತಿತ್ತ ಜಾರಿತು. ಹೊಗೆ ಸೊಟ್ಟಸೊಟ್ಟಗೆ ಮೇಲೇಳುತ್ತ ಹೋಯಿತು, ಗಾಳಿ ಬೀಸುತ್ತಿರುವ ಹಾಗೆ.