ನಿದ್ದೆಯ ಮದ್ದು

"ಹೊರಗೆ ಬಾರೇ! ಒಳಗೆ ಅವಿತುಕೊಂಡ್ರೆ ಬಿಟ್ಟುಬಿಡ್ತೀನಿ ಅಂದುಕೊಂಡ್ಯಾ?"

ಟೀಚರಮ್ಮ ಮೂರನೆಯ ಸಲ ಬಾಗಿಲು ಗುದ್ದಿದಳು. ಅವಳ ಹಿಂದೆ ಮೆಟ್ಟಿಲ ಮೇಲೆ ಅವಳ ಶಿಶುವಿಹಾರದ ಮಕ್ಕಳ ಅಪ್ಪಂದಿರು ಮೂವರು, ಅವರ ಹಿಂದೆ ಅವಳ ನಾದಿನಿ. ಎದುರು ಮನೆಗಳ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು.

ಬಾಗಿಲು ತೆಗೆದವಳು ಆಯಾ. ಹದಿನೈದು ದಿನದ ಹಿಂದಿನವರೆಗೂ ಟೀಚರಮ್ಮನ ಕೈಕೆಳಗೇ ಮಕ್ಕಳ ಮೂಗು ಒರೆಸಿಕೊಂಡಿದ್ದವಳು. ಮೂರು ದಿನ ತಡವಾಗಿ ಬಂದಳೆಂದು ತಾಯಂದಿರ ಎದುರಿಗೇ ಉಗಿಸಿಕೊಂಡು ಕೆಲಸ ಬಿಟ್ಟಿದ್ದಳು. ಹೋಗುವಾಗ ಹೊಸ್ತಿಲಲ್ಲಿ ನಿಂತು, "ಇನ್ನೊಬ್ಬರ ಮಾತು ಪೂರ್ತಿ ಕೇಳೋ ಅಭ್ಯಾಸ ನಿಮಗಿಲ್ಲ ಟೀಚರಮ್ಮ. ಒಂದಿನ ಅನುಭವಿಸ್ತೀರಿ," ಎಂದಿದ್ದಳು. ಆ ಮಾತು ಟೀಚರಮ್ಮನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡಿತ್ತು.

ಮುಳ್ಳು ಕೀವಾದದ್ದು ಕಳೆದ ಮಂಗಳವಾರ. ಬೆಳಿಗ್ಗೆ ಅವಳು ಹಾಜರಿ ಕೂಗುತ್ತಿದ್ದಳು. ಮಕ್ಕಳನ್ನು ಒಳಗೆ ಬಿಟ್ಟುಕೊಳ್ಳಲು ಗೇಟಿನಲ್ಲಿ ನಿಂತಿದ್ದ ನಾದಿನಿ ಓಡಿಬಂದಳು.

"ಅತ್ತಿಗೆ, ಮಕ್ಕಳಿಗೆ ನಿದ್ದೆ ಮದ್ದು ಹಾಕ್ತೀರಾ ಅಂತ ಕೇಳ್ತಿದ್ದಾರೆ..."

"ಏನಂದೆ?" ಟೀಚರಮ್ಮನ ಮೈ ಉರಿದುಹೋಯಿತು. "ಹರಿಬಿಟ್ಟಳಾ ಫೋನಲ್ಲಿ? ಗೊತ್ತಿತ್ತು ನಂಗೆ! ಅವಳದೇ ಕೆಲಸ!" ಹಾಜರಿ ಪುಸ್ತಕ ಮೂಲೆಗೆ ಹಾರಿತು.

ಹನ್ನೊಂದು ವರ್ಷದ ದುಡಿಮೆ. ಮೂವತ್ತೆಂಟು ಮಕ್ಕಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸುಮ್ಮನಿದ್ದರೆ ಸುಳ್ಳೇ ನಿಜವಾಗಿ ಕೂರುತ್ತದೆ. ಹತ್ತೂಕಾಲಿಗೆ ಅವಳು ಫೋನಿನ ಮುಂದೆ ನಿಂತು, "ನಮ್ಮಲ್ಲಿ ಮಕ್ಕಳಿಗೆ ನಿದ್ದೆ ಔಷಧ ಕುಡಿಸ್ತಾರೆ ಅನ್ನೋದು ಹಸಿ ಸುಳ್ಳು. ಯಾರೂ ನಂಬಬೇಡಿ. ಇದನ್ನ ಎಲ್ಲರಿಗೂ ಕಳಿಸಿ," ಎಂದು ವೀಡಿಯೊ ಮಾಡಿ ಪೋಷಕರ ಗುಂಪಿಗೆ ಹಾಕಿದಳು.

ಎಲ್ಲರಿಗೂ ಕಳಿಸಿದರು. ಮಧ್ಯಾಹ್ನಕ್ಕೆ ಪಕ್ಕದ ಬೀದಿ, ಸಂಜೆಗೆ ಇಡೀ ಊರು. ಮರುದಿನ ಒಂಬತ್ತು ಮಕ್ಕಳು ಬರಲಿಲ್ಲ. ಗುರುವಾರ ಹದಿನಾರು. ಒಬ್ಬ ತಾಯಿ ಮಗುವಿನ ಲೋಟ, ಹೊದಿಕೆ ಬಾಚಿಕೊಂಡು, "ಬೆಂಕಿ ಇಲ್ದೆ ಹೊಗೆ ಬರುತ್ತಾ?" ಎಂದು ಮುಖ ತಿರುಗಿಸಿ ಹೋದಳು. ಶುಕ್ರವಾರ ಬೆಳಿಗ್ಗೆ ಕಾಂಪೌಂಡ್ ಗೋಡೆಯ ಮೇಲೆ ಯಾರೋ ಇದ್ದಿಲಿನಲ್ಲಿ 'ಕೊಲೆಗಡುಕಿ' ಎಂದು ಗೀಚಿದ್ದರು.

ಟೀಚರಮ್ಮ ಆ ಹಾಳು ಮೆಸೇಜಿಗಾಗಿ ತಡಕಾಡದ ಜಾಗವಿಲ್ಲ. ಕೇಳಿದವರೆಲ್ಲ "ನೋಡಿದ್ದೀವಿ, ಎಲ್ಲಾ ಕಡೆ ಅದೇ ಸುದ್ದಿ" ಎನ್ನುವವರೇ. ತೋರಿಸಿ ಎಂದರೆ ತಡವರಿಸುತ್ತಿದ್ದರು. ಪಾಪಿ, ಹಚ್ಚುವುದನ್ನು ಹಚ್ಚಿ ಅಳಿಸಿಹಾಕಿದ್ದಾಳೆ ಎಂದುಕೊಂಡಳು. ಅದೇ ಸಂಜೆ ಎರಡನೆಯ ವೀಡಿಯೊ ಹಾಕಿದಳು. ಈ ಸಲ ಆಯಾಳ ಹೆಸರು, ಫೋಟೊ, ಮನೆಯಿರುವ ಬೀದಿ ಎಲ್ಲ ಇದ್ದವು.

ಈಗ ಭಾನುವಾರ, ಆ ಬೀದಿಯಲ್ಲೇ ಅವರೆಲ್ಲ ನಿಂತಿದ್ದರು.

"ತೆಗಿ ಫೋನು. ಎಲ್ಲಿ ಆ ಮೆಸೇಜು?"

"ಯಾವ ಮೆಸೇಜು? ಈ ವಿಷಯ ನಂಗೆ ಗೊತ್ತಾಗಿದ್ದೇ ನಿಮ್ಮಿಂದ."

"ಅಯ್ಯೋ, ಏನೂ ಅರಿಯದ ಕೂಸು!"

ಅಪ್ಪಂದಿರಲ್ಲೊಬ್ಬ ಆಯಾಳ ರಟ್ಟೆ ಹಿಡಿದು ಎಳೆದ. ಅವಳು ಕೊಸರಿಕೊಂಡಾಗ ಬಾಗಿಲ ಚಿಲಕ ತಾಗಿ ತುಟಿ ಒಡೆಯಿತು.

"ಅತ್ತಿಗೆ, ಒಂದ್ನಿಮಿಷ..." ನಾದಿನಿ ಸೆರಗು ಜಗ್ಗಿದಳು.

"ನೀನು ಸುಮ್ನಿರು!"

ಆಯಾ ಅಳಲಿಲ್ಲ. ಮುಂಗೈಯಿಂದ ರಕ್ತ ಒರೆಸಿಕೊಂಡಳು. "ಆಸ್ಪತ್ರೆಲಿ ಹೊಸದಾಗಿ ಕೆಲಸ ಸಿಕ್ಕಿತ್ತು. ನಿನ್ನೆ ಬರಬೇಡ ಅಂದ್ರು. ಮಗಳಿಗೆ ಶಾಲೆಲಿ ಕಲ್ಲು ಹೊಡೆದಿದ್ದಾರೆ. ನಡೀರಿ ಸ್ಟೇಷನ್ನಿಗೆ. ನನ್ನ ಫೋನೂ ನೋಡ್ಲಿ, ನಿಮ್ಮೆಲ್ಲರದ್ದೂ ನೋಡ್ಲಿ."

"ನಡಿಯೇ! ನಾನೇನು ಹೆದರ್ತೀನಾ?"

ಠಾಣೆಯಲ್ಲಿದ್ದ ಇನ್‌ಸ್ಪೆಕ್ಟರಮ್ಮ ಕೂಗಾಟವನ್ನು ಕಿವಿಗೆ ಹಾಕಿಕೊಳ್ಳದೆ ಎರಡೂ ಕಡೆಯ ದೂರು ಬರೆಸಿಕೊಂಡಳು. ಪೋಷಕರನ್ನೆಲ್ಲ ಕರೆಸಿ ಒಂದೊಂದೇ ಫೋನು ನೋಡಿದಳು. ಎರಡು ದಿನದ ಮೇಲೆ, ಮಂಗಳವಾರ ಮಧ್ಯಾಹ್ನ ಟೀಚರಮ್ಮನಿಗೂ ನಾದಿನಿಗೂ ಕರೆ ಬಂತು. ಆಯಾ ಆಗಲೇ ಬಂದು ಬೆಂಚಿನ ತುದಿಯಲ್ಲಿ ಕುಳಿತಿದ್ದಳು. ಅವಳ ತುಟಿಗೆ ಎರಡು ಹೊಲಿಗೆ ಬಿದ್ದಿದ್ದವು.

"ಸಿಕ್ಕಿತಾ ಮೇಡಂ?" ಟೀಚರಮ್ಮ ಕೂರುವ ಮೊದಲೇ ಕೇಳಿದಳು. "ಯಾರೇ ಆಗ್ಲಿ, ದಾಕ್ಷಿಣ್ಯ ನೋಡಬೇಡಿ. ಒಳಗೆ ಹಾಕಿ."

"ಮೂವತ್ತೆಂಟು ಮಕ್ಕಳ ಮನೆಯವರ ಫೋನೂ ಆಯ್ತು, ಈ ಆಯಾದೂ ಆಯ್ತು," ಇನ್‌ಸ್ಪೆಕ್ಟರಮ್ಮ ಕಾಗದ ಮುಂದೆ ತಳ್ಳಿದಳು. "ಹೋದ ಮಂಗಳವಾರ ಹತ್ತೂಕಾಲಿಗೆ ಮುಂಚೆ ಈ ಮಾತು ಯಾರ ಫೋನಲ್ಲೂ ಇಲ್ಲ. ಹತ್ತೂಕಾಲಿಗೆ ಇದೆ. ಅದು ನಿಮ್ಮ ವೀಡಿಯೊ."

"ಅದು ಹೇಗಾಗುತ್ತೆ? ಅದಕ್ಕೆ ಮುಂಚೆನೇ ಇವಳು ನೋಡಿದ್ಲಲ್ಲ!" ಟೀಚರಮ್ಮ ನಾದಿನಿಯ ಕಡೆ ತಿರುಗಿದಳು. "ಹೇಳೇ, ಯಾರ ಫೋನಲ್ಲಿತ್ತು?"

ನಾದಿನಿ ಬಾಯಿ ತೆರೆದಳು. ಈ ಸಲ ಯಾರೂ ನಡುವೆ ಬಾಯಿ ಹಾಕಲಿಲ್ಲ.

"ಫೋನಲ್ಲಲ್ಲ ಅತ್ತಿಗೆ. ಆ ಅವಳಿ ಮಕ್ಕಳ ಅಮ್ಮ ಗೇಟಲ್ಲಿ ನಗ್ತಾ ಹೇಳಿದ್ರು, 'ಮನೇಲಿ ರೆಪ್ಪೆ ಮುಚ್ಚದ ಪುಂಡರು ಇಲ್ಲಿ ಎಷ್ಟು ಚೆನ್ನಾಗಿ ಮಲಗ್ತಾರೆ, ಮಕ್ಕಳಿಗೆ ನಿದ್ದೆ ಮದ್ದು ಹಾಕ್ತೀರಾ? ನಿಮ್ಮ ಅತ್ತಿಗೆ ಕೈಗುಣಾನೇ ಕೈಗುಣ' ಅಂತ."