ಪಶು ಆಸ್ಪತ್ರೆಯ ಎದುರಿನ ಲಾಡ್ಜು

ಹೊಟ್ಟೆಗೆ ಹೊಲಿಗೆ ಬಿದ್ದಿದ್ದ ತನ್ನ ನಾಯಿಯನ್ನು ಶಿವಲೀಲಾ ಕೌದಿಯಲ್ಲಿ ಸುತ್ತಿ, ಹಾಸಿಗೆಯ ಗಂಟೆಂದು ಸುಳ್ಳು ಹೇಳಿ, ಪಶು ಆಸ್ಪತ್ರೆಯ ಎದುರಿನ ಲಾಡ್ಜಿನೊಳಗೆ ತಂದಿದ್ದಳು. ಸಂಜೆ ಅದು ನೋವಿಗೆ ಒಮ್ಮೆ ಬೊಗಳಿತು. ಮರುಗಳಿಗೆಯಲ್ಲೇ ಮ್ಯಾನೇಜರು ಬಾಗಿಲು ಬಡಿದ.

“ಬೋರ್ಡ್ ನೋಡಿಲ್ಲೇನ್ರೀ? ಪ್ರಾಣಿ ತರಂಗಿಲ್ಲ. ಈಗಿಂದೀಗ ಹೊರಗ ಹಾಕ್ರಿ.”

“ನಾಳೆ ಡಾಕ್ಟರು ನೋಡೋತನಕ ಇದು ಇಲ್ಲೇ ಮಲಗತೈತಿ,” ಎಂದು ಅವಳು ನಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಿಗೆ ಅಡ್ಡ ಕೂತಳು. “ಎಳೀಬೇಕಂದ್ರ ಮೊದಲು ನನ್ನ ಎಳೀರಿ.”

“ಉಳಿದ ಗಿರಾಕಿಗಳಿಗೆ ತ್ರಾಸಾಗತೈತ್ರೀ!”

“ಯಾರಿಗೆ ತ್ರಾಸು? ಕರೀರಿ ಅವರನ್ನ. ನನ್ನ ಮುಂದ ಬಂದು ಹೇಳಲಿ.”

ಅವನೂ ಹಟಕ್ಕೆ ಬಿದ್ದ. ಪಡಸಾಲೆಯ ನಡುವೆ ನಿಂತು, “ಈ ನಾಯಿಯಿಂದ ಯಾರ್ಯಾರಿಗೆ ತೊಂದರಿ ಆಗೇತಿ, ಹೊರಗ ಬರ್ರಿ!” ಎಂದು ಕೂಗಿದ.

ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಇಷ್ಟು ಜನ ತನ್ನ ಮೇಲೆ ಬೀಳುತ್ತಾರೆಂದು ಹೆದರಿ ಶಿವಲೀಲಾ ಕೌದಿಯನ್ನು ನಾಯಿಯ ಮೇಲೆ ಎಳೆದಳು. ಆದರೂ ಅವಳು ಕದಲಲಿಲ್ಲ.

ಕಾಲಿಗೆ ಪಟ್ಟಿ ಕಟ್ಟಿದ ಮೇಕೆಮರಿಯನ್ನು ಎತ್ತಿಕೊಂಡು ಮುದುಕನೊಬ್ಬ ಬಂದು ಅವಳ ಪಕ್ಕದಲ್ಲಿ ಕೂತ. ಅವನ ಹಿಂದೆಯೇ, ಬೆಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದ ಬಸುರಿಯೊಬ್ಬಳು, “ಸ್ವಲ್ಪ ಸರೀರಿ ಅಕ್ಕಾ,” ಅಂದಳು.